ಅತ್ತೆಯವರ ತೊಟ್ಟಿಗೆ ಬಿಸಿಗಾಳಿಯ ಬೆಸುಗೆ

ಅಳಿಯನಾದವನಿಗೆ ಅತ್ತೆಯ ಮೇಲೆ ಒಂದಾದರೂ ದೂರಿರಬೇಕು. ಇಲ್ಲದಿದ್ದರೆ ನಾಲ್ಕು ಜನರ ನಡುವೆ ಕೂತು ಕಾಫಿ ಕುಡಿಯುವುದು ಹೇಗೆ? ಈ ಕಥೆಯ ಅಳಿಯನ ಕಷ್ಟವೇ ಅದು. ಅತ್ತೆಯ ಮೇಲೆ ಹೇಳಿಕೊಳ್ಳಲು ಅವನಿಗೆ ಒಂದೇ ಒಂದು ದೂರೂ ಇರಲಿಲ್ಲ. ಅವನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಸಹೋದ್ಯೋಗಿಗಳು ತಮ್ಮ ತಮ್ಮ ಅತ್ತೆಯರ ಪ್ರತಾಪವನ್ನು ಬಣ್ಣ ಕಟ್ಟಿ ಹೇಳುವಾಗ ಇವನು ಪೆಚ್ಚು ಮೋರೆ ಹಾಕಿಕೊಂಡು ಬಿಸ್ಕತ್ತು ಮುರಿಯುತ್ತಿದ್ದ. "ನಿಂದೇನಪ್ಪಾ?" ಎಂದು ಯಾರಾದರೂ ಕೇಳಿದರೆ, "ನಮ್ಮತ್ತೆ ತುಂಬಾ ಒಳ್ಳೆಯವ್ರು" ಎಂದು ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ ಹೇಳುತ್ತಿದ್ದ. ಆಮೇಲೆ ಅವನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಒಳ್ಳೆಯವರೆಂದರೆ ಸಾಮಾನ್ಯ ಒಳ್ಳೆಯವರಲ್ಲ. ಹಿಂದೊಮ್ಮೆ ಅವನು ಕೆಲಸಕ್ಕಿದ್ದ ಮುದ್ರಣಾಲಯ ಬಾಗಿಲು ಹಾಕಿದಾಗ ಒಂದು ವರ್ಷ ಮನೆಯಲ್ಲೇ ಕೂತಿದ್ದ. ಹೆಂಡತಿಯ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಜೊತೆಯಲ್ಲೇ ಇದ್ದ ಅತ್ತೆಯವರು ಒಂದು ದಿನವಾದರೂ "ಕೆಲಸದ ವಿಷಯ ಏನಾಯ್ತು" ಎಂದು ಕೇಳಿದವರಲ್ಲ. ಬೆಳಿಗ್ಗೆ ಕಾಫಿಯ ಪಕ್ಕದಲ್ಲಿ ಪೇಪರನ್ನು ಮಡಿಕೆ ಬಿಚ್ಚದೆ ಇಡುತ್ತಿದ್ದರು, ಮೊದಲು ಅಳಿಯನೇ ಓದಲಿ ಎಂದು. ಪಕ್ಕದ ಮನೆಯವರು ಬಾಯಿ ತೆರೆಯುವ ಮೊದಲೇ, "ನಮ್ಮ ಅಳಿಯಂದ್ರು ಮನೆಯಿಂದ್ಲೇ ಕೆಲಸ ನೋಡ್ತಿದಾರೆ" ಎಂದು ಅವರ ಬಾಯಿಗೆ ಬೀಗ ಹಾಕುತ್ತಿದ್ದರು. (ಅದು ಪೂರ್ತಿ ಸುಳ್ಳೂ ಅಲ್ಲ. ಮನೆಯಿಂದ ಅವನು ಕೆಲಸವನ್ನು ನೋಡುತ್ತಲೇ ಇದ್ದ. ಅದು ಬಹಳ ದೂರದಲ್ಲಿತ್ತು, ಅಷ್ಟೆ.)

ಆ ಉಪಕಾರಕ್ಕೆ ಒಂದು ಸಲ ಬಾಯಿ ತುಂಬ ಕೃತಜ್ಞತೆ ಹೇಳಬೇಕೆಂದು ಅವನಿಗೆ ಬಹಳ ಆಸೆ. ಆದರೆ ಹೇಳಲು ದಾರಿಯೇ ಇರಲಿಲ್ಲ. ಆ ಮನೆಯಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ, ಮರ್ಯಾದೆ! ಮದುವೆಯಾದ ಹೊಸದರಲ್ಲಿ ಇಬ್ಬರೂ ಸಂಕೋಚದಿಂದ ಮಾತು ತಡೆದುಕೊಂಡಿದ್ದರು. ಆ ಸಂಕೋಚ ಹಳೆಯದಾಗುತ್ತಾ ಗಟ್ಟಿಯಾಗಿ ಸಂಪ್ರದಾಯವೇ ಆಗಿಬಿಟ್ಟಿತ್ತು. ಎಲ್ಲ ಮಾತೂ ನಡುವೆ ಕೂತ ಹೆಂಡತಿಯೆಂಬ ಅಂಚೆ ಕಚೇರಿಯ ಮೂಲಕವೇ ಸಾಗಬೇಕು.

"ಫ್ಯಾನ್ ಜೋರಾಯ್ತೇನೋ, ಅಮ್ಮನ್ನ ಕೇಳು" ಎಂದು ಅವನು ಹೇಳುವುದು.

"ಏನೂ ಜೋರಿಲ್ಲಮ್ಮ, ಹಾಗೇ ಇರ್ಲಿ ಅನ್ನು ಅಳಿಯಂದ್ರಿಗೆ" ಎಂದು ಎದುರಿಗೇ ಕೂತ ಅತ್ತೆಯವರು ಹೇಳುವುದು.

"ಇಬ್ಬರಿಗೂ ಕಿವಿ ಇದೆಯಲ್ಲಾ! ನಾನು ಊಟ ಮಾಡ್ಲಾ, ವರದಿ ಒಪ್ಪಿಸ್ಲಾ?" ಎಂದು ಹೆಂಡತಿ ತಟ್ಟೆ ಕುಟ್ಟುವುದು.

ಹೀಗಿರುವಾಗ ಅತ್ತೆಯವರ ಮಂಡಿ ಕೈಕೊಟ್ಟಿತು. (ಮಂಡಿ ಹೇಗೆ ಕೈಕೊಡುತ್ತದೆ ಎಂದು ಕೇಳಬೇಡಿ, ಕೊಟ್ಟಿತು.) ಅವರ ಕೋಣೆ ಮಹಡಿಯ ಮೇಲಿತ್ತು. ಅಲ್ಲಿ ಅವರ ಹೊಲಿಗೆ ಯಂತ್ರ, ಹಿತ್ತಿಲೂ ಅದರಾಚೆಯ ಇಡೀ ಬೀದಿಯೂ ಕಾಣುವ ಕಿಟಕಿ, ಕಿಟಕಿಯ ಪಕ್ಕ ಬೆತ್ತದ ಕುರ್ಚಿ. ಮೆಟ್ಟಿಲು ಹತ್ತಲಾಗದೆ ಅವರು ಕೆಳಗೆ ಹಾಲಿನಲ್ಲೇ ಒಂದು ಮಂಚದ ಮೇಲೆ ವಾಸ ಹೂಡಬೇಕಾಯಿತು. "ಇನ್ನೇನೂ ಬೇಡಮ್ಮ. ನನ್ನ ಕಾಲ ಮೇಲೆ ನಾನೇ ಹತ್ತಿ ಹೋಗಿ ಆ ಕುರ್ಚೀಲಿ ಕೂತ್ಕೊಂಡ್ರೆ ಸಾಕು" ಎಂದು ಮಗಳ ಹತ್ತಿರ ಹೇಳಿಕೊಂಡದ್ದು ಅಳಿಯನ ಕಿವಿಗೂ ಬಿತ್ತು.

ಮಂಡಿ ಡಾಕ್ಟರು ನೋಡಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ದಿನಾ ಸ್ವಲ್ಪ ಹೊತ್ತು ನಿಂತಲ್ಲೇ ನಡೆಯಬೇಕು ಎಂದರು. ಅಳಿಯನ ಕಣ್ಣು ಮಿನುಗಿತು. ಮೀನು ಸಾಕುವವನೊಬ್ಬನ ಹತ್ತಿರ ಹೋಗಿ, ಮನುಷ್ಯರು ಆರಾಮವಾಗಿ ನಿಲ್ಲಬಹುದಾದ ದುಂಡನೆಯ ನೀಲಿ ಪ್ಲಾಸ್ಟಿಕ್ ತೊಟ್ಟಿಯೊಂದನ್ನು ತಂದು ಹಿತ್ತಿಲಲ್ಲಿ ಪ್ರತಿಷ್ಠಾಪಿಸಿದ. ಅತ್ತೆಯವರು ದಿನಾ ಬೆಳಿಗ್ಗೆ ಅದರಲ್ಲಿಳಿದು ಮಂಡಿ ಎತ್ತಿ ಎತ್ತಿ ಇಡುತ್ತಿದ್ದರು. ಅವನು ಹಿಂದಿನ ಕೋಣೆಯ ಕಿಟಕಿಯಿಂದ ನೋಡಿ ಧನ್ಯನಾಗುತ್ತಿದ್ದ. ಬಾಯಲ್ಲಿ ಹೇಳಲಾಗದ ಕೃತಜ್ಞತೆಗೆ ಕೊನೆಗೂ ಒಂದು ಆಕಾರ ಸಿಕ್ಕಿತ್ತು.

ಒಂದು ಬೆಳಿಗ್ಗೆ ಆ ಕೃತಜ್ಞತೆ ಬಿರುಕು ಬಿಟ್ಟಿತು. ತಳದಿಂದ ಒಂದು ಗೇಣು ಮೇಲಕ್ಕೆ! ನೀರೆಲ್ಲ ಹರಿದು ಪಕ್ಕದ ಮನೆಯ ಹಿತ್ತಿಲಿಗೆ ಹೋಗಿ ಅವರ ಚಪ್ಪಲಿಗಳನ್ನು ತೇಲಿಸಿತು. ಅಳಿಯ ಮೀನಿನವನ ಹತ್ತಿರ ಓಡಿದರೆ ಅವನು ಮೀನಿನ ಸಹವಾಸವೇ ಸಾಕೆಂದು ಅಂಗಡಿ ಮುಚ್ಚಿದ್ದ. ಆ ಅಳತೆಯ ತೊಟ್ಟಿ ಈಗ ಯಾರೂ ಮಾಡುತ್ತಿಲ್ಲವೆಂದು ತಿಳಿಯಿತು. ಟೇಪು ಸುತ್ತಿದ, ಕಿತ್ತುಬಂತು. ಅಂಟು ಬಳಿದ, ಅವನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವೇ ಹೊರತು ತೊಟ್ಟಿ ಅಂಟಿಕೊಳ್ಳಲಿಲ್ಲ.

"ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯಲ್ಲ ಸಾರ್. ಕರಗಿಸಿಯೇ ಸೇರಿಸ್ಬೇಕು" ಎಂದ ಹಾರ್ಡ್‌ವೇರ್ ಅಂಗಡಿಯವನು ಒಂದು ಡಬ್ಬಿ ತೆರೆದು ತೋರಿಸಿದ. ಬಿಸಿಗಾಳಿಯಿಂದ ಪ್ಲಾಸ್ಟಿಕ್ ಬೆಸೆಯುವ ಯಂತ್ರ. ಹಿಡಿ, ಹಿಡಿಯ ತುದಿಗೆ ಉಕ್ಕಿನ ಕೊಳವೆ, ಅದರ ತುದಿಗೆ ಒಂದು ಚೂಪು ಮೂತಿ.

"ಇದೇನ್ರೀ ಇದು, ಕೂದಲು ಒಣಗಿಸೋದಾ?" ಎಂದಳು ಹೆಂಡತಿ, ಮನೆಗೆ ತಂದಾಗ.

"ಇದನ್ನ ಕೂದಲಿಗೆ ಹಿಡಿದ್ರೆ ಒಣಗೋಕೆ ಕೂದಲೇ ಉಳಿಯಲ್ಲ. ಮುನ್ನೂರು ಡಿಗ್ರಿ ಗಾಳಿ ಕಣೇ!"

"ಹಾಗಿದ್ರೆ ನಿಮ್ಮ ತಲೆಗೆ ಏನೂ ಅಪಾಯ ಇಲ್ಲ ಬಿಡಿ." ಅವನ ನುಣ್ಣನೆಯ ನೆತ್ತಿಯನ್ನು ನೋಡಿ ಅವಳು ನಿಟ್ಟುಸಿರಿಟ್ಟಳು. "ನಲ್ಲಿ ರಿಪೇರಿ ಮಾಡ್ತೀನಿ ಅಂತ ಹೋಗಿ ಗೋಡೆ ರಿಪೇರಿ ಮಾಡಿಸೋ ಹಾಗೆ ಮಾಡಿದ್ರಿ. ಈಗ ಬೆಂಕಿ ಬೇರೆ ಉಗುಳೋ ಆಟವಾ?"

"ಬೆಂಕಿ ಅಲ್ಲ, ಗಾಳಿ. ಸೂಚನೆಗಳನ್ನ ಅಕ್ಷರಶಃ ಪಾಲಿಸಿದ್ರೆ ಏನೂ ಆಗಲ್ಲ" ಎಂದು ಅವನು ಯಂತ್ರದ ಜೊತೆ ಬಂದಿದ್ದ ಕೈಪಿಡಿಯನ್ನು ಎತ್ತಿ ಹಿಡಿದ.

ಗ್ರಂಥಾಲಯದವನಿಗೆ ಪುಸ್ತಕ ಸಿಕ್ಕರೆ ಕೇಳಬೇಕೇ? ಗ್ರಂಥಾಲಯಕ್ಕೆ ಸುಣ್ಣ ಬಣ್ಣ ಬಳಿಯುತ್ತಿದ್ದುದರಿಂದ ಅವನಿಗೆ ಆ ವಾರ ರಜೆಯೂ ಇತ್ತು. ಕೈಪಿಡಿಯನ್ನು ಗಟ್ಟಿಯಾಗಿ ಪಾರಾಯಣ ಮಾಡಿ ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದ. ಮುಚ್ಚಿದ ಕೋಣೆಯಲ್ಲಿ ಕೂಡದು, ಕರಗುವ ಪ್ಲಾಸ್ಟಿಕ್ಕಿನ ಹೊಗೆ ಎದೆಗೆ ಕೆಟ್ಟದ್ದು. ಆದ್ದರಿಂದ ಕಾರ್ಯಕ್ಷೇತ್ರ ಹಿತ್ತಿಲು. ಒದ್ದೆ ಜಾಗದಲ್ಲಿ ಕರೆಂಟಿನ ಕೆಲಸ ಸಲ್ಲದು. ಆದ್ದರಿಂದ ತೊಟ್ಟಿ ಬೋರಲು ಬಿದ್ದು ಬಿಸಿಲು ಕಾಯಿಸಿಕೊಂಡಿತು, ನೆಲ ಬಟ್ಟೆಯಲ್ಲಿ ಒರೆಸಿಕೊಂಡಿತು. ನೈಲಾನ್ ಬಟ್ಟೆ ಬಿಸಿಗೆ ಕರಗಿ ಮೈಗೆ ಹತ್ತುತ್ತದೆಂದು ಅವನು ತುಂಬು ತೋಳಿನ ಹತ್ತಿ ಅಂಗಿ ತೊಟ್ಟ. ಮೇಲೆ ಚರ್ಮದ ಕೈಗವಸು, ಕಣ್ಣಿಗೆ ದೊಡ್ಡ ಕನ್ನಡಕ. ಒಂದು ಕಡೆ ಮರಳಿನ ಬಕೆಟ್ಟು, ಕೈ ಸುಟ್ಟರೆ ಅದ್ದಲು ದೂರದಲ್ಲೊಂದು ನೀರಿನ ಬಕೆಟ್ಟು. ಬಿಸಿ ಯಂತ್ರವನ್ನು ಇಡಲು ಕಬ್ಬಿಣದ ಸ್ಟ್ಯಾಂಡು. ಚಂದ್ರನ ಮೇಲೆ ಕಾಲಿಡಲು ಹೊರಟವರೂ ಇಷ್ಟು ತಯಾರಿ ಮಾಡಿಕೊಂಡಿರಲಾರರು.

ಉಳಿದದ್ದು ಕರೆಂಟು. ಆ ಯಂತ್ರದ ಹಸಿವಿಗೆ ತಕ್ಕ ದೊಡ್ಡ ಪ್ಲಗ್ಗು ಇದ್ದದ್ದು ಅಡುಗೆಮನೆಯಲ್ಲಿ. ಸುರುಳಿ ಸುತ್ತಿದ ವೈರು ಕಾಯುತ್ತದೆಂದು ಪೂರ್ತಿ ಬಿಚ್ಚಿ, ಅಡುಗೆಮನೆಯಿಂದ ಉದ್ದನೆಯ ಓಣಿಯ ಮೂಲಕ ಹಿತ್ತಿಲವರೆಗೆ ಎಳೆದ. ಅಪಾಯವಾದರೆ ಆರಿಸಲು ಆ ಸ್ವಿಚ್ಚಿನ ಹತ್ತಿರ ಒಬ್ಬರು ಇರಲೇಬೇಕು.

"ನಾನು ಕೆಲಸಕ್ಕೆ ಹೋಗ್ಬೇಕು. ಅಮ್ಮ ಕೂತಿರ್ತಾರೆ" ಎಂದಳು ಹೆಂಡತಿ.

"ಅತ್ತೆಯವ್ರಾ? ನಾನು ಅವರಿಗೆ ಹೇಗೆ ಹೇಳೋದು, ಹಾಕಿ, ಆರಿಸಿ ಅಂತ?"

"ಬಾಯಲ್ಲಿ ಹೇಳಿ. ಸವೆಯಲ್ಲ" ಎಂದು ಅವಳು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು. ಅಂಚೆ ಕಚೇರಿ ಮುಚ್ಚಿತು.

ಇಲ್ಲಿಂದ ಶುರುವಾಯಿತು ನೋಡಿ ಮರ್ಯಾದೆಯ ಮಹಾಪೂರ. ಅಳಿಯ ಹಿತ್ತಿಲಿನಿಂದ ಕೂಗಬಹುದಿತ್ತು. ಆದರೆ ಅತ್ತೆಯವರಿಗೆ ಕೂಗಿ ಹೇಳುವುದೇ? ಅವನು ಮೆಲ್ಲಗೆ, "ಸ್ವಿಚ್ ಹಾಕಬಹುದು" ಎಂದು ಗಾಳಿಗೆ ಹೇಳಿದ. ಅತ್ತೆಯವರಿಗೆ ಏನೋ ಗುಣುಗುಣು ಕೇಳಿಸಿತು. ಅಡುಗೆಮನೆಯಿಂದಲೇ "ಏನು?" ಎನ್ನಬಹುದಿತ್ತು. ಆದರೆ ಅಳಿಯನಿಗೆ ಕೂಗಿ ಕೇಳುವುದೇ? ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು, ಓಣಿಯುದ್ದಕ್ಕೂ ಕಾಲೆಳೆದು ಬಂದು, ಹಿತ್ತಿಲ ಬಾಗಿಲಲ್ಲಿ ನಿಂತು, ತೊಟ್ಟಿಯ ಕಡೆ ನೋಡುತ್ತಾ, "ಏನೋ ಅಂದ ಹಾಗಾಯ್ತು" ಎಂದರು.

"ಸ್ವಿಚ್ಚು... ಹಾಕಿದ್ರೆ ಒಳ್ಳೇದಿತ್ತು" ಎಂದ ಅವನು ಮರಳಿನ ಬಕೆಟ್ಟಿಗೆ.

ಅವರು ಓಣಿಯುದ್ದಕ್ಕೂ ಹೋಗಿ ಹಾಕಿ, ಹಾಕಿದ್ದಾಯಿತೆಂದು ತಿಳಿಸಲು ಮತ್ತೆ ಓಣಿಯುದ್ದಕ್ಕೂ ಬಂದರು.

ಕೈಪಿಡಿಯ ಪ್ರಕಾರ ಮೊದಲು ಗಾಳಿ, ಆಮೇಲೆ ಬಿಸಿ. ಮುಗಿಸುವಾಗ ಮೊದಲು ಬಿಸಿ ಆರಬೇಕು, ಗಾಳಿ ಮಾತ್ರ ಬೀಸುತ್ತಿದ್ದು ಮೂತಿ ತಣ್ಣಗಾಗಬೇಕು, ಆಮೇಲಷ್ಟೇ ಸ್ವಿಚ್ಚು, ಕೊನೆಗೆ ಪ್ಲಗ್ಗು. ತಣಿಯುವ ಮೊದಲೇ ಕಿತ್ತರೆ ಒಳಗಿನ ತಂತಿ ಸುಟ್ಟುಹೋಗುತ್ತದೆ. ಅಸಲು ಕೆಲಸಕ್ಕೆ ಕೈ ಹಾಕುವ ಮೊದಲು ಚೂರುಪಾರಿನ ಮೇಲೆ ಅಭ್ಯಾಸ ಮಾಡಬೇಕೆಂದೂ ಅದರಲ್ಲಿತ್ತು. ಅಳಿಯ ಅಭ್ಯಾಸ ಮಾಡಿದ. ಒಡೆದ ಬಕೆಟ್ಟು, ಹಿಡಿ ಹೋದ ಮಗ್ಗು, ಅನಾಥ ಮುಚ್ಚಳಗಳು. (ಅನಾಥವಲ್ಲದ ಕೆಲವು ಡಬ್ಬಿಗಳೂ ಆ ವಾರ ಪ್ರಾಣ ಬಿಟ್ಟವು. ಸಕ್ಕರೆ ಡಬ್ಬಿಗೂ ಅದರ ಮುಚ್ಚಳಕ್ಕೂ ಅವನು ಹಾಕಿದ ಬೆಸುಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಸಕ್ಕರೆಯನ್ನು ಇಂದಿಗೂ ಯಾರೂ ನೋಡಿಲ್ಲ.) ಪ್ರತಿ ಅಭ್ಯಾಸಕ್ಕೂ ಹಾಕುವುದು, ಆರಿಸುವುದು, ಪ್ಲಗ್ಗು ಚುಚ್ಚುವುದು, ಕೀಳುವುದು, ಪ್ರತಿಯೊಂದಕ್ಕೂ ಅತ್ತೆಯವರ ಓಣಿಯಾತ್ರೆ. ಮೊದಮೊದಲು ಗೋಡೆ ಹಿಡಿದು ಬರುತ್ತಿದ್ದವರು ಆಮೇಲೆ ಬೆರಳು ತಾಗಿಸಿಕೊಂಡು ಬಂದರು. ಆಮೇಲೆ ಕೈ ಬೀಸಿಕೊಂಡೇ ಬಂದರು. ಅಳಿಯನ ಕಣ್ಣೆಲ್ಲ ಯಂತ್ರದ ಮೂತಿಯ ಮೇಲಿತ್ತು, ಇದನ್ನೆಲ್ಲ ಅವನು ಗಮನಿಸಲಿಲ್ಲ.

ಬೆಸುಗೆಗೆಂದು ಕಡ್ಡಿಯಂಥ ಪ್ಲಾಸ್ಟಿಕ್ ಸರಳು ಯಂತ್ರದ ಜೊತೆಗೇ ಬಂದಿತ್ತು. ಅದನ್ನು ತೊಟ್ಟಿಯ ಅಂಚಿನ ಮೇಲೆ ಪರೀಕ್ಷಿಸಿದರೆ ಚೆನ್ನಾಗಿ ಕೂತಂತೆ ಕಂಡು, ಉಗುರು ತಾಗಿಸಿದೊಡನೆ ಬಾಳೆಹಣ್ಣಿನ ಸಿಪ್ಪೆಯಂತೆ ಕಳಚಿ ಬಂತು. ಅಳಿಯ ತಲೆಯ ಮೇಲೆ ಕೈ ಹೊತ್ತು ಕೂತ. ಕೈಪಿಡಿಯನ್ನು ಮತ್ತೆ ಓದಿದಾಗ ಕಾರಣ ತಿಳಿಯಿತು. ಸರಳು ಬೇರೆ ಜಾತಿಯ ಪ್ಲಾಸ್ಟಿಕ್, ತೊಟ್ಟಿ ಬೇರೆ ಜಾತಿಯದು. ಒಂದೇ ಜಾತಿಯದಾದರೆ ಮಾತ್ರ ಒಂದರೊಳಗೊಂದು ಕರಗಿ ಬೆರೆಯುತ್ತವೆ. ಅವನು ತೊಟ್ಟಿಯ ಮೇಲಂಚಿನಿಂದಲೇ ಸಣ್ಣ ಪಟ್ಟಿಗಳನ್ನು ಕತ್ತರಿಸಿ ತೆಗೆದ.

ಆ ದಿನವೇ ಅನಾಹುತವಾದದ್ದು. ಅಂಚಿನ ಮೇಲೆ ಹಾಕಿದ ಹೊಸ ಬೆಸುಗೆ ಹಿಡಿದುಕೊಂಡಿತು! ಆ ಸಂಭ್ರಮದಲ್ಲಿ ಅವನು ಮೈಮರೆತು ಯಂತ್ರವನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡುವ ಬದಲು ತಾನು ಕೂತಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಟ್ಟು, ಬೆಸುಗೆಯನ್ನು ಎಳೆದೆಳೆದು ನೋಡತೊಡಗಿದ. ಸ್ಟೂಲು ಮೌನವಾಗಿ ಬಾಯ್ತೆರೆದು ಯಂತ್ರವನ್ನು ನುಂಗಲು ಶುರುಮಾಡಿತು. ಕಮಟು ವಾಸನೆಗೆ ತಿರುಗಿ ನೋಡಿದವನಿಗೆ ಕೈಪಿಡಿಯೂ ಮರೆಯಿತು, ಮರ್ಯಾದೆಯೂ ಮರೆಯಿತು.

"ಅಯ್ಯೋ, ಬಾರೇ! ಬೇಗ ಬಾರೇ! ಆರಿಸೇ ಇದನ್ನ!"

ಅತ್ತೆಯವರು ಬಂದರು. ಬಂದ ರಭಸ ಹೇಗಿತ್ತೆಂದರೆ ಅವನು ಬಾಯಿ ಮುಚ್ಚುವ ಮೊದಲೇ ಅಲ್ಲಿದ್ದರು. ಹಿಡಿ ಹಿಡಿದು ಯಂತ್ರವನ್ನೆತ್ತಿ ಸ್ಟ್ಯಾಂಡಿನ ಮೇಲಿಟ್ಟರು. ಅಳಿಯ ದಿನವಿಡೀ ಮಂತ್ರದಂತೆ ಪಠಿಸುತ್ತಿದ್ದದ್ದು ಅವರಿಗೂ ಬಾಯಿಗೆ ಬಂದಿತ್ತು. ಬಿಸಿಯ ಗುಂಡಿ ಪೂರ್ತಿ ಇಳಿಸಿ ಗಾಳಿಯನ್ನು ಹಾಗೇ ಬಿಟ್ಟರು. ಸ್ಟೂಲಿನ ಮೇಲೆ ಒಂದು ಹಿಡಿ ಮರಳು ಹಾಕಿದರು.

ಆಮೇಲೆ ಅವನಿಗೆ ತಾನು ಏನು ಕೂಗಿದೆನೆಂಬ ಅರಿವಾಯಿತು. ಬಾರೇ! ಅತ್ತೆಯವರನ್ನು! ಕಾಲ ಕೆಳಗಿನ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಬಾಯಿ ಬಿಟ್ಟದ್ದು ಸ್ಟೂಲು ಮಾತ್ರ, ಅದರಲ್ಲಿ ಅವನು ಹಿಡಿಸುವಂತಿರಲಿಲ್ಲ.

"ಅತ್ತೆ, ತಪ್ಪಾಯ್ತು. ಬಾಯಿ ತಪ್ಪಿ..."

"ಇರ್ಲಿ ಬಿಡಿ" ಎಂದು ಅತ್ತೆಯವರು ನಕ್ಕರು. ಅವನ ಮುಖ ನೋಡಿಯೇ ನಕ್ಕರು. "ಇಷ್ಟು ವರ್ಷಕ್ಕೆ ಒಂದ್ಸಲ ಸ್ವಂತದವರನ್ನ ಕರೆದ ಹಾಗೆ ಕರೆದ್ರಲ್ಲ."

ಮೂತಿ ತಣಿಯುವವರೆಗೂ ಗಾಳಿ ಬುಸುಗುಟ್ಟುತ್ತಲೇ ಇರಬೇಕಿತ್ತು. ಮಾಡಲು ಬೇರೇನೂ ಕೆಲಸವಿಲ್ಲ. ಈಗ ಬಿಟ್ಟರೆ ಇನ್ನೆಂದೂ ಇಲ್ಲ ಎಂದುಕೊಂಡು ಅವನು ಕನ್ನಡಕವನ್ನು ನೆತ್ತಿಗೇರಿಸಿದ. ಆ ಸದ್ದಿನಲ್ಲಿ ಮೆಲ್ಲಗೆ ಹೇಳಿದರೆ ಕೇಳುತ್ತಿರಲಿಲ್ಲ, ಕೂಗಿದ.

"ಅತ್ತೆ! ನನ್ನ ಕೆಲಸ ಹೋದಾಗ ನೀವು ಒಂದು ಮಾತೂ ಕೇಳ್ಲಿಲ್ಲ!"

"ಏನು ಕೇಳ್ಬೇಕಿತ್ತು?" ಅವರೂ ಕೂಗಿದರು.

"ಏನೂ ಕೇಳ್ಬಾರ್ದಿತ್ತು! ನೀವು ಕೇಳ್ಲಿಲ್ಲ! ಅದಕ್ಕೇ ನಾನು ಆ ವರ್ಷ ತಲೆ ಎತ್ಕೊಂಡು ಬದುಕಿದೆ! ನಿಮ್ಮ ಉಪಕಾರನ ಸಾಯೋವರೆಗೂ ಮರೆಯಲ್ಲ!"

"ನೀವೇನು ಕಡಿಮೆ ಮಾಡಿದೀರಾ? ನನ್ನ ಬೆರಳಲ್ಲಿ ಶಕ್ತಿ ಇಲ್ಲ ಅಂತ ಔಷಧಿ ಬಾಟ್ಲಿ ಮುಚ್ಚಳ ದಿನಾ ಸಡಿಲ ಮಾಡಿ ಇಡ್ತೀರಿ! ಯಾರಿಗೂ ಹೇಳ್ದೇ! ನನಗೆ ಗೊತ್ತಿಲ್ವಾ?"

ಪಕ್ಕದ ಮನೆಯ ಕಿಟಕಿ ಮೆಲ್ಲಗೆ ತೆರೆದುಕೊಂಡಿತು. "ಮನೆಯಿಂದಲೇ ಕೆಲಸ" ಎಂಬುದರ ಪೂರ್ಣ ವಿವರ ಅಂದು ಬೀದಿಗೆಲ್ಲ ತಲುಪಿತು. ಅಳಿಯನಿಗೆ ಅದರ ಪರಿವೆಯೇ ಇರಲಿಲ್ಲ. ಅವನ ಕಣ್ಣು ತುಂಬಿ ಬಂದಿತ್ತು. ಎದೆಯ ಮೇಲಿದ್ದ ಕಲ್ಲೊಂದು ಇಳಿದು ಹೋಗಿ ಮೈ ಹಗುರಾಗಿತ್ತು. ಯಂತ್ರ ತಣಿದು, ಪ್ಲಗ್ಗು ಕಿತ್ತು, ಎಲ್ಲ ನಿಶ್ಶಬ್ದವಾದಾಗ ಇಬ್ಬರಿಗೂ ಮತ್ತೆ ನಾಚಿಕೆಯಾಯಿತು. ಆದರೆ ಹಳೆಯ ಥರದ ನಾಚಿಕೆಯಲ್ಲ.

ಮಾರನೆಯ ದಿನ ಅಸಲು ಬೆಸುಗೆ. ಬಿರುಕು ಮುಂದೆ ಓಡದಂತೆ ಅದರ ಮೇಲ್ತುದಿಯಲ್ಲೊಂದು ಸಣ್ಣ ತೂತು ಕೊರೆದ. ಬಿರುಕಿನ ಎರಡೂ ದಡಗಳನ್ನು ಓರೆಯಾಗಿ ಕೆರೆದು ಕಾಲುವೆಯಂತೆ ಮಾಡಿದ. ಕೊಳೆ, ಪಾಚಿ ಎಲ್ಲ ಕೆರೆದು ತೆಗೆದ. ಒರೆಸಲು ಶುದ್ಧ ಹತ್ತಿ ಬಟ್ಟೆ ಬೇಕೆಂದಾಗ, "ತರ್ತೀನಿ ಇರಿ" ಎಂದು ಅತ್ತೆಯವರು ಒಳಗೆ ಹೋಗಿ ಒಂದು ಹಿಡಿ ಬಿಳಿ ತುಂಡುಗಳನ್ನು ತಂದುಕೊಟ್ಟರು. ಅವನು ಬಗ್ಗಿದ. ಮೂತಿಯನ್ನು ಅತ್ತಿತ್ತ ಆಡಿಸುತ್ತಾ, ದಡಗಳೂ ಪಟ್ಟಿಯೂ ಒಟ್ಟಿಗೇ ಒದ್ದೆಯಾದಂತೆ ಹೊಳೆಯುವಾಗ ಪಟ್ಟಿಯನ್ನು ಒತ್ತುತ್ತಾ, ಬೆರಳಗಲ ಬೆರಳಗಲ ಮುಂದೆ ಸರಿದ. ಹೆಚ್ಚು ಹೊತ್ತು ಹಿಡಿದರೆ ಸುಡುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಅಷ್ಟೂ ಹೊತ್ತು ಬಗ್ಗಿದವನು ಬಗ್ಗಿದಂತೆಯೇ ಇದ್ದ. ಮುಗಿದ ಮೇಲೆ ನೀರು ಸುರಿಯದೆ ತಾನಾಗಿ ತಣಿಯಲು ಬಿಟ್ಟ. ಸಂಜೆ ತೊಟ್ಟಿಗೆ ನೀರು ತುಂಬಿಸಿದರು. ಒಂದು ಹನಿ ಸೋರಲಿಲ್ಲ!

ಹೆಂಡತಿ ಕೆಲಸದಿಂದ ಬರುವಾಗ ಅಳಿಯ ತೊಟ್ಟಿಯ ಬುಡದಲ್ಲಿ ಮಂಡಿಯೂರಿ ಕೂತು ಬೆಸುಗೆಯನ್ನು ಮುದ್ದಿನಿಂದ ನೋಡುತ್ತಿದ್ದ. ಅವಳು ಬೆಸುಗೆಯನ್ನು ನೋಡಲಿಲ್ಲ. ನೆಲದ ಮೇಲಿದ್ದ ಬಟ್ಟೆಯ ತುಂಡನ್ನೆತ್ತಿಕೊಂಡಳು.

"ಈ ಬಟ್ಟೆ ಎಲ್ಲಿತ್ತಮ್ಮ?"

"ಮೇಲೆ ನನ್ನ ಹೊಲಿಗೆ ಪೆಟ್ಟಿಗೇಲಿ."

"ಯಾರು ತಂದ್ರು?"

"ನಾನೇ ತಂ..."

ಮೂವರೂ ತಿರುಗಿ ಒಳಗಿನ ಮೆಟ್ಟಿಲುಗಳನ್ನು ನೋಡಿದರು. ಅಷ್ಟೂ ಮೆಟ್ಟಿಲು ಹತ್ತಿ ಇಳಿದದ್ದು ಹತ್ತಿದವರಿಗೇ ತಿಳಿದಿರಲಿಲ್ಲ. ಹೆಂಡತಿ ಓಡಿ ಹೋಗಿ ಅಮ್ಮನನ್ನು ತಬ್ಬಿಕೊಂಡಳು. ಅತ್ತೆಯವರು ಅಳುತ್ತಾ ನಗುತ್ತಾ ತಮ್ಮ ಮಂಡಿಗಳನ್ನು ಪರರ ಮಂಡಿಗಳೆಂಬಂತೆ ಮುಟ್ಟಿ ಮುಟ್ಟಿ ನೋಡಿಕೊಂಡರು.

"ಇನ್ನು ತೊಟ್ಟೀಲೂ ಶುರು ಮಾಡಿದ್ರೆ ಓಡೋ ಹಾಗಾಗುತ್ತೆ ಅತ್ತೆ!" ಎಂದ ಅಳಿಯ ಸಂಭ್ರಮದಿಂದ.

ಅತ್ತೆಯವರು ಅಭ್ಯಾಸಬಲದಿಂದ ಮಗಳ ಕಡೆ ತಿರುಗಿದರು. ಮತ್ತೆ ಮನಸ್ಸು ಬದಲಿಸಿ ನೇರವಾಗಿ ಅವನ ಕಡೆಗೇ ತಿರುಗಿದರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಆ ನೀರಲ್ಲಿ ಇಳಿಯೋದಂದ್ರೆ ನನಗೆ ಜೀವ ಬಾಯಿಗೆ ಬರ್ತಿತ್ತು. ಅಷ್ಟು ಚಳಿ. ನೀವು ಅಷ್ಟು ಪ್ರೀತಿಯಿಂದ ತಂದಿದೀರಿ, ಕಿಟಕೀಲಿ ನಿಂತು ಬೇರೆ ನೋಡ್ತೀರಿ, ಹೇಗೆ ಬೇಡ ಅನ್ನಲಿ? ಹಲ್ಲು ಕಚ್ಕೊಂಡು ಇಳೀತಿದ್ದೆ. ಅದು ಸೀಳಿದ ದಿನ ಮನಸ್ಸಲ್ಲೇ ಕೈ ಮುಗಿದೆ."

"ಈ ವಾರವೆಲ್ಲಾ ನಾನು ರಿಪೇರಿ ಮಾಡುವಾಗ..."

"ಅಷ್ಟು ಕಷ್ಟಪಡ್ತಿದೀರಿ ಪಾಪ, ಸ್ವಿಚ್ಚಾದ್ರೂ ಹಾಕಿಕೊಡೋಣ ಅಂತ."

ಅಳಿಯ ಏನೋ ಹೇಳಲೆಂದು ಎದ್ದು ನಿಲ್ಲಲು ಹೋದ. ಅರ್ಧಕ್ಕೆ ಎದ್ದವನು ಅಲ್ಲೇ ನಿಂತ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ವಾರವಿಡೀ ಬಗ್ಗಿದ್ದ ಸೊಂಟ ಬಗ್ಗಿಯೇ ಇರುತ್ತೇನೆಂದು ಹಟ ಹಿಡಿದಿತ್ತು.

ಮಂಡಿ ಡಾಕ್ಟರು ಬಂದರು. ಅತ್ತೆಯವರನ್ನು ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿ, ಓಣಿಯ ಕಥೆ ಕೇಳಿ, "ಓಡಾಟವೇ ಔಷಧಿ ಆಗಿದೆ. ಹೀಗೇ ಓಡಾಡಿ, ತೊಟ್ಟಿ ಬೇಕಾಗಿಲ್ಲ" ಎಂದರು. ಆಮೇಲೆ ಅಳಿಯನ ಬೆನ್ನನ್ನು ಅಲ್ಲಲ್ಲಿ ಒತ್ತಿ, ಅವನು ಅಲ್ಲಲ್ಲಿ ಕಿರುಚಿ, ಪರೀಕ್ಷೆ ಮುಗಿಯಿತು.

"ಸ್ವಲ್ಪ ದಿನ ಸೊಂಟದ ಮಟ್ಟ ನೀರಲ್ಲಿ ನಿಂತು ನಡೀಬೇಕು. ಅನುಕೂಲ ಇದೆಯಾ?"

ಇಲ್ಲ ಎನ್ನಲು ಅಳಿಯ ಬಾಯಿ ತೆರೆದ. ಅಷ್ಟರಲ್ಲಿ ಅತ್ತೆಯವರೇ ಉತ್ತರಿಸಿದರು.

"ಇಲ್ದೇ ಏನು ಡಾಕ್ಟ್ರೇ! ನಮ್ಮ ಅಳಿಯಂದ್ರು ಕೈಯಾರೆ ರಿಪೇರಿ ಮಾಡಿದಾರೆ. ಒಂದು ಹನಿ ಸೋರಲ್ಲ!"

ಈಗ ದಿನಾ ಬೆಳಿಗ್ಗೆ ಅಳಿಯ ಹಲ್ಲು ಕಟಕಟಿಸುತ್ತಾ ತೊಟ್ಟಿಯಲ್ಲಿ ನಿಲ್ಲುತ್ತಾನೆ. ಮಹಡಿಯ ಕಿಟಕಿಯಿಂದ ಬೆತ್ತದ ಕುರ್ಚಿಯ ಅತ್ತೆಯವರು, ಯಾವ ಅಂಚೆ ಕಚೇರಿಯ ಹಂಗೂ ಇಲ್ಲದೆ, ಇಡೀ ಬೀದಿಗೆ ಕೇಳುವಂತೆ ಕೂಗುತ್ತಾರೆ: "ಇನ್ನೂ ಸ್ವಲ್ಪ ಮಂಡಿ ಎತ್ತಿ, ಅಳಿಯಂದ್ರೇ!" ಅವರು ಆ ಕುರ್ಚಿಯಲ್ಲಿ ಕೂತಿರುವುದನ್ನು ನೋಡಿ ಅವನಿಗೆ ನಿಜಕ್ಕೂ ಎದೆ ತುಂಬಿ ಬರುತ್ತದೆ. ಎದೆಯಿಂದ ಕೆಳಗೆ ಮಾತ್ರ ಮರಗಟ್ಟಿರುತ್ತದೆ. ಎಲ್ಲಾದರೂ ಒಂದು ಹನಿ ಒಸರುತ್ತಿದೆಯೇ ಎಂದು ಬೆಸುಗೆಯ ಉದ್ದಕ್ಕೂ ಕಾಲ್ಬೆರಳಿನಿಂದ ಆಸೆಯಿಂದ ತಡವಿ ನೋಡುತ್ತಾನೆ. ಇಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ತನ್ನ ಜೀವಮಾನದಲ್ಲಿ ಇನ್ನೊಂದು ಮಾಡಿರಲಿಲ್ಲ.